ರೈತ ಖರ್ಚು ಕಳೆದು ಲಾಭ ಎಣಿಸುತ್ತಾನೆ, ಪಗಾರದವನು ಯಾಕೆ ಎಣಿಸಬಾರದು?

ಯಲಬುರ್ಗಾದಲ್ಲಿ ಕಡಲೆ ಮಾರಿ ಬಂದ ರೈತನನ್ನು "ಈ ಸಲ ಎಷ್ಟು ಉಳೀತ್ರಿ, ಯಜಮಾನ್ರ?" ಎಂದು ಕೇಳಿ ನೋಡಿ. ಕೈಗೆ ಬಂದ ಮೊತ್ತವನ್ನು ಆತ ಹೇಳುವುದಿಲ್ಲ. ಬೀಜ, ಗೊಬ್ಬರ, ಆಳಿನ ಕೂಲಿ, ಟ್ರಾಕ್ಟರ್ ಬಾಡಿಗೆ, ಹಮಾಲಿ ಎಲ್ಲವನ್ನೂ ಬೆರಳು ಮಡಚಿ ಕಳೆದು, ಉಳಿದದ್ದನ್ನಷ್ಟೇ ಹೇಳುತ್ತಾನೆ. ಕೃಷಿ ಆದಾಯಕ್ಕೆ ಕೇಂದ್ರದ ತೆರಿಗೆಯಿಲ್ಲ ಎನ್ನುವುದು ಬೇರೆ ಮಾತು. ಆದಾಯ ಎಂದರೇನು ಎಂಬುದು ಮಾತ್ರ ಆತನಿಗೆ ಚೆನ್ನಾಗಿ ಗೊತ್ತಿದೆ.

ಆ ರೈತನ ಮಗನೋ ಮಗಳೋ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಬಂದು ಪಗಾರದ ಕೆಲಸ ಹಿಡಿದರೆ ಈ ಲೆಕ್ಕ ತಲೆಕೆಳಗಾಗುತ್ತದೆ. ಆಫೀಸಿಗೆ ಹೋಗಿ ಬರುವ ಖರ್ಚು, ಸ್ವಂತ ದುಡ್ಡಿನ ಲ್ಯಾಪ್‌ಟಾಪು, ಕೆಲಸಕ್ಕಾಗಿ ಕಲಿತ ಕೋರ್ಸಿನ ಶುಲ್ಕ ಯಾವುದನ್ನೂ ದಿಲ್ಲಿ ದೊರೆಗಳು ಕೇಳುವುದಿಲ್ಲ. "ತಗೋ 75,000, ಬಾಯಿ ಮುಚ್ಚು" ಎನ್ನುತ್ತಾರೆ. ಹೊಸ ಪದ್ಧತಿಯಲ್ಲಿ ಪಗಾರದವರಿಗೆ ಕೊಡುವ ಸ್ಟ್ಯಾಂಡರ್ಡ್ ಡಿಡಕ್ಷನ್ ಅಷ್ಟೇ. ಹಳೆಯ ಪದ್ಧತಿಯಲ್ಲಾದರೆ 50,000.

2025-26ರ ದರದಲ್ಲಿ ಒಂದು ಲೆಕ್ಕ ಹಾಕೋಣ. ಇಬ್ಬರು ಗೆಳೆಯರು. ಒಬ್ಬನಿಗೆ ವರ್ಷಕ್ಕೆ 15 ಲಕ್ಷ ಪಗಾರ. ಇನ್ನೊಬ್ಬ ಸ್ವಂತವಾಗಿ ಡಿಸೈನ್ ಕೆಲಸ ಮಾಡಿ ಅಷ್ಟೇ ಸಂಪಾದಿಸುತ್ತಾನೆ. ಇಬ್ಬರೂ ಕೆಲಸಕ್ಕಾಗಿ 3 ಲಕ್ಷ ಖರ್ಚು ಮಾಡಿದರು ಎಂದಿಟ್ಟುಕೊಳ್ಳಿ. ಎರಡನೆಯವನು ಲೆಕ್ಕದ ಪುಸ್ತಕ ತೋರಿಸಿ 3 ಲಕ್ಷ ಕಳೆಯುತ್ತಾನೆ. ಆದಾಯ 12 ಲಕ್ಷಕ್ಕೆ ಇಳಿಯಿತು, ರಿಯಾಯಿತಿ ಸಿಕ್ಕಿತು, ತೆರಿಗೆ ಸೊನ್ನೆ! ಪಗಾರದವನು 75,000 ಮಾತ್ರ ಕಳೆದು, ಸೆಸ್ ಸೇರಿ 97,500 ರೂಪಾಯಿ ಕಟ್ಟುತ್ತಾನೆ. ಇದು ಯಾವ ಊರಿನ ನ್ಯಾಯ?

ಮೊದಲು ಹೀಗಿರಲಿಲ್ಲ. 1961ರ ಕಾಯ್ದೆ ಬಂದಾಗ ಕೆಲಸಕ್ಕೆ ಬೇಕಾದ ಪುಸ್ತಕ ಕೊಂಡ ಮೇಷ್ಟ್ರು 500 ರೂಪಾಯಿವರೆಗೆ ಕಳೆಯಬಹುದಿತ್ತು. ನೌಕರಿಯ ಷರತ್ತಿನಂತೆ ಕೈಯಿಂದ ಹಾಕಿದ ಖರ್ಚಿಗೂ ಜಾಗವಿತ್ತು. 1974ರಲ್ಲಿ ಅದನ್ನೆಲ್ಲ ಒರೆಸಿ, ಗರಿಷ್ಠ 3,500 ರೂಪಾಯಿಯ ಸಗಟು ಕಡಿತ ತಂದರು. 2005ರ ಬಜೆಟ್ಟಿನಲ್ಲಿ ಅದನ್ನೂ ಕಿತ್ತರು. 2018ರಲ್ಲಿ 40,000 ಕೊಟ್ಟೆವೆಂದು ಡಂಗುರ ಸಾರಿದರು. ಆದರೆ ಅದೇ ಕೈಯಲ್ಲಿ 19,200 ರೂಪಾಯಿಯ ಪ್ರಯಾಣ ಭತ್ಯೆ ವಿನಾಯಿತಿ, 15,000 ರೂಪಾಯಿಯ ವೈದ್ಯಕೀಯ ವಿನಾಯಿತಿ ಎರಡನ್ನೂ ವಾಪಸು ತೆಗೆದುಕೊಂಡರು. ನಿಜವಾಗಿ ಸಿಕ್ಕಿದ್ದು 5,800 ರೂಪಾಯಿ ಹೆಚ್ಚಿನ ಕಡಿತ. ಅದೇ ಬಜೆಟ್ಟಿನಲ್ಲಿ ಸೆಸ್ 3ರಿಂದ 4 ಪರ್ಸೆಂಟಿಗೆ ಏರಿತು!

ಬೆಂಗಳೂರಿನ ಮಾತಿಗೆ ಬನ್ನಿ. ಹಳೆಯ ಪದ್ಧತಿಯಲ್ಲಿ ಮನೆ ಬಾಡಿಗೆ ಭತ್ಯೆಗೆ ವಿನಾಯಿತಿ ಲೆಕ್ಕ ಹಾಕುವಾಗ ಮುಂಬಯಿ, ದಿಲ್ಲಿ, ಕೋಲ್ಕತ್ತ, ಚೆನ್ನೈಗಳಿಗೆ ಸಂಬಳದ ಶೇ. 50ರ ಮಿತಿ, ಬೆಂಗಳೂರಿಗೆ ಶೇ. 40. 2025-26ರ ವರೆಗೂ ಇದೇ ಕಥೆ! ಇಲ್ಲಿನ ಬಾಡಿಗೆ ಎಷ್ಟೆಂದು ನಿಮಗೆ ನಾನು ಹೇಳಬೇಕೆ? ದಶಕಗಟ್ಟಲೆ ನಮ್ಮ ರಾಜಧಾನಿಯನ್ನು ಸಣ್ಣ ಊರಿನ ಸಾಲಿನಲ್ಲಿ ಕೂರಿಸಿದ್ದರು. ನಮ್ಮ ಸಂಸದರು ಎಷ್ಟು ಸಲ ಗದ್ದಲ ಎಬ್ಬಿಸಿದರು, ನೀವೇ ನೆನಪಿಸಿಕೊಳ್ಳಿ.

ನಮ್ಮ ರಾಜ್ಯ ಸರ್ಕಾರವೂ ಸಾಚಾ ಅಲ್ಲ. ನೌಕರಿ ಮಾಡುವುದಕ್ಕೇ 1976ರ ಕಾಯ್ದೆಯಡಿ ವೃತ್ತಿ ತೆರಿಗೆ ಹಿಡಿಯುತ್ತದೆ. ಸಂವಿಧಾನದ 276ನೇ ವಿಧಿ ವರ್ಷಕ್ಕೆ 2,500ರ ಮಿತಿ ಹಾಕಿದ್ದರಿಂದ ಬಚಾವು. ಹಳೆಯ ಪದ್ಧತಿಯಲ್ಲಿ ಇದನ್ನಾದರೂ ಕಳೆಯಬಹುದು. ಹೊಸದರಲ್ಲಿ ಅದೂ ಇಲ್ಲ, ಕಟ್ಟಿದ ತೆರಿಗೆಯ ಮೇಲೆ ಮತ್ತೆ ತೆರಿಗೆ.

ಜರ್ಮನಿಯಲ್ಲಿ ನೌಕರನಿಗೆ ಯಾವ ಬಿಲ್ಲೂ ಇಲ್ಲದೆ 1,230 ಯೂರೋ ಕಡಿತವಿದೆ. ಖರ್ಚು ಅದಕ್ಕಿಂತ ಹೆಚ್ಚಾದರೆ, ಲೆಕ್ಕ ತೋರಿಸಿ ಪೂರ್ತಿ ಕಳೆಯಬಹುದು. ಮನೆಯಿಂದ ಕೆಲಸಕ್ಕೆ ಹೋಗುವ ದೂರವನ್ನೂ ಕಿಲೋಮೀಟರಿಗೆ ಇಷ್ಟೆಂದು ಎಣಿಸುತ್ತಾರೆ. ಅಲ್ಲಿ ಖಜಾನೆಯೇನೂ ದಿವಾಳಿಯಾಗಿಲ್ಲ.

"12.75 ಲಕ್ಷದವರೆಗೆ ಪಗಾರಕ್ಕೆ ತೆರಿಗೆಯೇ ಇಲ್ಲವಲ್ಲ" ಎನ್ನುತ್ತೀರಿ. ನಿಜ. ಆದರೆ ಗಾಡಿಯ ಮೇಲೆ ಊಟ ಹಂಚುವ, ಟ್ಯಾಕ್ಸಿ ಓಡಿಸುವ ನಮ್ಮ ಹುಡುಗರನ್ನು ನೋಡಿ. ಕಂಪನಿ ಅವರನ್ನು ನೌಕರರೆನ್ನದೆ ಪಾಲುದಾರರು ಎನ್ನುತ್ತದೆ. ಪಿ.ಎಫ್. ಇಲ್ಲ, ರಜೆ ಇಲ್ಲ, ಸರಿ. ಆದರೆ ಪಾಲುದಾರ ಎಂದ ಮೇಲೆ ವ್ಯಾಪಾರಿಯ ಹಕ್ಕೂ ನಿಮ್ಮದೇ! ಪೆಟ್ರೋಲು, ರಿಪೇರಿ, ವಿಮೆ, ಗಾಡಿ ಸಾಲದ ಬಡ್ಡಿ, ಕೆಲಸಕ್ಕೆ ಬಳಸಿದಷ್ಟು ಮೊಬೈಲ್ ಖರ್ಚು, ಗಾಡಿಯ ಸವಕಳಿ ಎಲ್ಲವನ್ನೂ ಕಳೆಯಬಹುದು. ಕಂತಿನ ಅಸಲು ಕಳೆಯಲಾಗದು, ಬಡ್ಡಿ ಮಾತ್ರ. ಕಂಪನಿ ಮೊದಲೇ ಮುರಿದುಕೊಂಡ ಟಿ.ಡಿ.ಎಸ್. ಇದ್ದರೆ, ತೆರಿಗೆ ಬಾರದಿದ್ದರೂ ರಿಟರ್ನ್ ಹಾಕಿದವನಿಗೆ ಮಾತ್ರ ಅದು ವಾಪಸು ಸಿಗುತ್ತದೆ. ಎಷ್ಟು ಹುಡುಗರು ಅದನ್ನು ದಿಲ್ಲಿಗೇ ದಾನ ಕೊಟ್ಟು ಕೂತಿದ್ದಾರೋ! ಪೆಟ್ರೋಲ್ ಬಂಕಿನ ಚೀಟಿಯನ್ನು ಬಿಸಾಡಬೇಡಿ.

ಪಗಾರದವರಿಗೂ ಒಂದು ಕಿಂಡಿಯಿದೆ. ಲ್ಯಾಪ್‌ಟಾಪನ್ನು ನೀವೇ ಕೊಂಡರೆ ಚಿಕ್ಕಾಸೂ ಕಳೆಯಲಾಗದು. ಕಂಪನಿ ಕೊಂಡು ಬಳಸಲು ಕೊಟ್ಟರೆ ನಿಮಗೆ ತೆರಿಗೆಯಿಲ್ಲ. ಕಂಪನಿ ತುಂಬುವ ಫೋನ್ ಬಿಲ್ಲಿಗೂ ಹಾಗೆಯೇ. ಕೆಲಸದ ಮೇಲೆ ಪರಸ್ಥಳಕ್ಕೆ ಕಳಿಸಿದಾಗ ಕೊಡುವ ಭತ್ಯೆ, ನಿಜವಾಗಿ ಖರ್ಚಾದಷ್ಟಕ್ಕೆ, ಎರಡೂ ಪದ್ಧತಿಯಲ್ಲಿ ತೆರಿಗೆಯಿಂದ ಹೊರಗೆ. ಹಾಗಾಗಿ ನೇಮಕದ ಪತ್ರಕ್ಕೆ ಸಹಿ ಹಾಕುವ ಮೊದಲೇ ಇವನ್ನು ಕೇಳಿ. ಏಪ್ರಿಲ್ ತಿಂಗಳಲ್ಲಿ ಬರುವ ಆ ಇಂಗ್ಲಿಷ್ ನಮೂನೆಗೆ ಕಣ್ಣು ಮುಚ್ಚಿ ಗುರುತು ಹಾಕಬೇಡಿ. ಹಳೆಯದೋ ಹೊಸದೋ, ಎರಡನ್ನೂ ಲೆಕ್ಕ ಹಾಕಿ ತೋರಿಸಿ ಎನ್ನಿ, ಕನ್ನಡದಲ್ಲಿ ವಿವರಿಸಿ ಎನ್ನಿ. ನಾಚಿಕೆ ಯಾಕೆ?

ಇನ್ನು, ಕಮಿಷನ್ ಕೊಟ್ಟರೆ ರಿಫಂಡ್ ಬರಿಸುತ್ತೇನೆಂದು ಸುಳ್ಳು ಬಾಡಿಗೆ ರಸೀದಿ, ಸುಳ್ಳು ದೇಣಿಗೆ ತೋರಿಸುವ ದಲ್ಲಾಳಿಗಳು ಬಂದಾರು. ಸಿಕ್ಕಿಬಿದ್ದರೆ ತಪ್ಪಿಸಿದ ತೆರಿಗೆಯ ಎರಡು ಪಟ್ಟು ದಂಡ ಬೀಳುವುದು ನಿಮ್ಮ ತಲೆಗೆ, ಅವನ ತಲೆಗಲ್ಲ.

ಕೊಪ್ಪಳವೂ ಸೇರಿ ಕರ್ನಾಟಕದಿಂದ 28 ಜನ ಲೋಕಸಭೆಯಲ್ಲಿ ಕೂತಿದ್ದಾರೆ. ನಿಮ್ಮ ಊರಿನವರಿಗೆ ಒಂದು ಪತ್ರ ಬರೆಯಿರಿ: 75,000 ಮೀರಿದ ಕೆಲಸದ ಖರ್ಚಿಗೆ ಬಿಲ್ಲು ತೋರಿಸಿದ ನೌಕರನಿಗೆ ಕಡಿತ ಯಾಕಿಲ್ಲ? ಬರುವ ಬಜೆಟ್ಟಿಗೆ ಮುಂಚೆ ಈ ಪ್ರಶ್ನೆಯನ್ನು ಸದನದಲ್ಲಿ ಕೇಳುತ್ತೀರೋ ಇಲ್ಲವೋ? ಕನ್ನಡದಲ್ಲೇ ಬರೆಯಿರಿ, ಉತ್ತರವನ್ನೂ ಕನ್ನಡದಲ್ಲೇ ಕೇಳಿ.