‘ಕೆಲಸಕ್ಕೆ ಹುಷಾರು’ ಎಂದರೆ ಸಾಕೆ? ಡಿಸ್ಲೆಕ್ಸಿಯಾ ಮತ್ತು ನಮ್ಮ ವಿಜ್ಞಾನ ತರಗತಿ

ಡಿಸ್ಲೆಕ್ಸಿಯಾ ಕುರಿತು ಎಲ್ಲಿ ಮಾತು ಬಂದರೂ ಹೆಸರುಗಳ ಒಂದು ಪಟ್ಟಿ ಹಿಂದೆಯೇ ಬರುತ್ತದೆ. ವರ್ಜಿನ್ ಕಂಪನಿಯ ರಿಚರ್ಡ್ ಬ್ರಾನ್ಸನ್, ಐಕಿಯಾ ಪೀಠೋಪಕರಣ ಮಳಿಗೆಗಳ ಸ್ಥಾಪಕ ಇಂಗ್ವಾರ್ ಕಂಪ್ರಾಡ್, ನೊಬೆಲ್ ಪಡೆದ ವಿಜ್ಞಾನಿಗಳು. ಓದುವುದಕ್ಕೆ ಕಷ್ಟಪಟ್ಟವರೇ ದೊಡ್ಡ ಉದ್ಯಮ ಕಟ್ಟಿದರು, ದೊಡ್ಡ ಸಂಶೋಧನೆ ಮಾಡಿದರು, ಆದ್ದರಿಂದ ಡಿಸ್ಲೆಕ್ಸಿಯಾ ಕೊರತೆಯಲ್ಲ, ಅದೊಂದು ಬಲ ಎಂಬ ತೀರ್ಮಾನಕ್ಕೆ ಮಾತು ಮುಗಿಯುತ್ತದೆ. 2007ರಲ್ಲಿ ‘ತಾರೇ ಜಮೀನ್ ಪರ್’ ಚಿತ್ರ ಬಂದ ಮೇಲಂತೂ ‘ಇಂಥ ಮಗುವಿನಲ್ಲಿ ಒಬ್ಬ ಕಲಾವಿದ ಅಡಗಿರುತ್ತಾನೆ’ ಎಂಬುದು ಮನೆಮಾತಾಯಿತು.

ಈ ಮಾತಿನಿಂದ ಒಳ್ಳೆಯದಾಗಿದೆ. ‘ದಡ್ಡ’, ‘ಸೋಮಾರಿ’ ಎಂಬ ಹಣೆಪಟ್ಟಿ ಹೊತ್ತ ಎಷ್ಟೋ ಮಕ್ಕಳ ಬಗ್ಗೆ ತಂದೆತಾಯಿ ಬೇರೆ ರೀತಿ ಯೋಚಿಸುವಂತಾಯಿತು. ಆದರೆ ಮರವಂತೆ, ತ್ರಾಸಿ, ಗಂಗೊಳ್ಳಿಯ ಕಡೆಯ ನಮಗೆ ಇದೇ ಮಾತು ಬೇರೊಂದು ರೂಪದಲ್ಲಿ ಮೊದಲಿನಿಂದಲೂ ಗೊತ್ತು. ‘ಓದುಕೆ ಬತ್ತಿಲ್ಲೆ, ಕೆಲ್ಸಕ್ಕೆ ಹುಷಾರಿದ್ದ’ ಎಂದು ನಮ್ಮ ಹಿರಿಯರು ಹೇಳುತ್ತಲೇ ಬಂದಿದ್ದಾರೆ. ಹಾಗೆ ಹೊಗಳಿಸಿಕೊಂಡ ಹುಡುಗ ಮರುವರ್ಷ ಶಾಲೆಯಲ್ಲಿ ಇರುವುದಿಲ್ಲ. ದೋಣಿಯಲ್ಲೋ ಬೆಂಗಳೂರಿನ ಯಾವುದೋ ಹೋಟೆಲಿನಲ್ಲೋ ಇರುತ್ತಾನೆ. ಬಲವನ್ನು ಗುರುತಿಸುವುದು ಓದಿಸುವುದನ್ನು ಕೈಬಿಡುವುದಕ್ಕೆ ಒಂದು ಮರ್ಯಾದೆಯ ದಾರಿ ಆಗಬಾರದು ಎಂಬುದು ಈ ಲೇಖನದ ವಾದ.

ಮೊದಲು ಡಿಸ್ಲೆಕ್ಸಿಯಾ ಎಂದರೇನು ಎಂಬುದು ಸ್ಪಷ್ಟವಾಗಬೇಕು. ಬುದ್ಧಿಶಕ್ತಿ, ದೃಷ್ಟಿ, ಶ್ರವಣ ಸರಿಯಿದ್ದು, ಕಲಿಯುವ ಅವಕಾಶವೂ ಇದ್ದು, ಉಲಿಗೂ ಅಕ್ಷರಕ್ಕೂ ಇರುವ ನಂಟನ್ನು ಹಿಡಿಯುವುದರಲ್ಲಿ ಮಗುವಿಗೆ ನಿರಂತರ ತೊಡಕಾಗುವುದು ಡಿಸ್ಲೆಕ್ಸಿಯಾ. 1896ರಲ್ಲಿ ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್ 14 ವರ್ಷದ ಇಂಥ ಒಬ್ಬ ಹುಡುಗನ ಬಗ್ಗೆ ಬರೆದರು. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆಯುವುದಾದರೆ ಇಡೀ ಶಾಲೆಗೆ ಇವನೇ ಜಾಣನಾಗುತ್ತಿದ್ದ ಎಂದು ಆ ಹುಡುಗನ ಶಿಕ್ಷಕರು ಹೇಳಿದ್ದನ್ನು ಅವರು ದಾಖಲಿಸಿದ್ದಾರೆ. ನೂರು ವರ್ಷಕ್ಕೂ ಹಿಂದಿನ ಈ ಶಿಕ್ಷಕರ ಮಾತು ನನಗೆ ಯಶಸ್ವಿ ವ್ಯಕ್ತಿಗಳ ಯಾವ ಪಟ್ಟಿಗಿಂತಲೂ ಮುಖ್ಯವಾಗಿ ಕಾಣುತ್ತದೆ. ತನ್ನ ವಿದ್ಯಾರ್ಥಿಗೆ ಏನು ಗೊತ್ತಿದೆ, ಯಾವುದು ಅಡ್ಡ ಬರುತ್ತಿದೆ ಎಂಬುದನ್ನು ಅವರು ಬೇರೆ ಬೇರೆಯಾಗಿ ನೋಡಿದ್ದರು.

ಅಭ್ಯಾಸ ಬೋಧನೆಯ ಅವಧಿಯಲ್ಲಿ ಎಂಟನೇ ತರಗತಿಗೆ ‘ಬಲ ಮತ್ತು ಒತ್ತಡ’ ಘಟಕವನ್ನು ತೆಗೆದುಕೊಂಡಾಗ ಈ ವ್ಯತ್ಯಾಸ ನನ್ನ ಕಣ್ಣೆದುರೇ ಬಂತು. ಪ್ಲಾಸ್ಟಿಕ್ ಬಾಟಲಿಗೆ ಮೂರು ಎತ್ತರದಲ್ಲಿ ತೂತು ಮಾಡಿ, ನೀರು ತುಂಬುವ ಮೊದಲು ‘ಯಾವ ತೂತಿನ ನೀರು ಹೆಚ್ಚು ದೂರ ಚಿಮ್ಮೀತು?’ ಎಂದು ಕೇಳಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ‘ಅಡಿಯದ್ದು’ ಎಂದ. ಏಕೆ ಎಂದು ಕೇಳಿದರೆ, ಹೊಳೆಯಲ್ಲಿ ಮುಳುಗು ಹಾಕಿದಾಗ ಕೆಳಗೆ ಹೋದ ಹಾಗೆಲ್ಲ ಕಿವಿ ಹೆಚ್ಚು ನೋಯುತ್ತದೆ, ಕೆಳಗೆ ನೀರು ಜೋರಾಗಿ ಒತ್ತುತ್ತದೆ ಎಂದು ವಿವರಿಸಿದ. ಸೌಪರ್ಣಿಕಾ ಹೊಳೆಯಲ್ಲಿ ಕಲಿತದ್ದನ್ನು ಅವನು ತರಗತಿಗೆ ತಂದಿದ್ದ. ಪಠ್ಯಪುಸ್ತಕದ ಒಂದು ಪುಟ ಹೇಳುವುದನ್ನು ಎರಡೇ ವಾಕ್ಯದಲ್ಲಿ ಹೇಳಿ ಮುಗಿಸಿದ.

ಘಟಕ ಪರೀಕ್ಷೆಯಲ್ಲಿ ಅದೇ ಪ್ರಶ್ನೆಗೆ ಅವನ ಉತ್ತರ ಅರ್ಧ ಸಾಲು. ‘ಒತ್ತಡ’ ಎಂಬ ಪದ ‘ಒತಡ’ ಆಗಿತ್ತು. ಉಳಿದದ್ದನ್ನು ಓದಲಾಗುತ್ತಿರಲಿಲ್ಲ. ಅಂಕ ಸೊನ್ನೆ. ವಿಷಯ ಶಿಕ್ಷಕರ ಅನುಮತಿ ಪಡೆದು ಮಧ್ಯಾಹ್ನದ ಬಿಡುವಿನಲ್ಲಿ ಪ್ರಶ್ನೆಗಳನ್ನು ನಾನೇ ಓದಿ ಹೇಳಿದೆ. ‘ಓದೂಕ್ ಆತಿಲ್ಲೆ ಟೀಚರೆ, ಹೇಳೂಕ್ ಆತ್’ ಎಂದು ಮೊದಲೇ ಹೇಳಿದ್ದ. ಆರು ಪ್ರಶ್ನೆಗಳಲ್ಲಿ ಐದಕ್ಕೆ ಸರಿಯಾಗಿ ಉತ್ತರಿಸಿದ. ಅಂಕಪಟ್ಟಿಯಲ್ಲಿ ಉಳಿದದ್ದು ಮಾತ್ರ ಬರೆದ ಕಾಗದದ ಸೊನ್ನೆ. ಅವನಿಗೆ ಡಿಸ್ಲೆಕ್ಸಿಯಾ ಇದೆಯೇ ಎಂದು ಹೇಳುವ ಅರ್ಹತೆ ನನಗಿಲ್ಲ. ಮಗು ಓದದಿರಲು ಕಣ್ಣಿನ ದೋಷ, ದೀರ್ಘ ಗೈರುಹಾಜರಿ, ಮನೆಯ ಕುಂದಗನ್ನಡಕ್ಕೂ ಪುಸ್ತಕದ ಕನ್ನಡಕ್ಕೂ ಇರುವ ಅಂತರ, ಹೀಗೆ ಹಲವು ಕಾರಣಗಳಿರಬಹುದು. ಆದರೆ ಎಂಟನೇ ತರಗತಿಯವರೆಗೆ ಬಂದ ಹುಡುಗನನ್ನು ಯಾರೂ ತಪಾಸಣೆಗೆ ಕಳುಹಿಸಿರಲಿಲ್ಲ. ಹತ್ತನೇ ತರಗತಿ ಆದ ಕೂಡಲೇ ಸಂಬಂಧಿಕರ ಹೋಟೆಲಿಗೆ ಕಳುಹಿಸುವುದೆಂದು ಮನೆಯಲ್ಲಿ ಆಗಲೇ ತೀರ್ಮಾನವಾಗಿತ್ತು. ಎಸ್ಸೆಸ್ಸೆಲ್ಸಿಗೆ ಉಳಿದಿರುವುದು ಎರಡು ವರ್ಷ.

‘ಹೋಗಲಿ ಬಿಡಿ, ನಮ್ಮೂರಿನವರು ಹೋಟೆಲಿನಿಂದಲೇ ಮುಂದೆ ಬಂದವರಲ್ಲವೇ?’ ಎಂದು ಕೇಳಬಹುದು. ನಿಜ, ಕುಂದಾಪುರ ಉಡುಪಿ ಕಡೆಯಿಂದ ಚಿಕ್ಕ ವಯಸ್ಸಿನಲ್ಲೇ ಊರು ಬಿಟ್ಟು, ಲೋಟ ತೊಳೆಯುವುದರಿಂದ ಶುರುಮಾಡಿ ಸ್ವಂತ ಹೋಟೆಲು ಕಟ್ಟಿದವರ ಕಥೆಗಳು ನಮ್ಮ ಪ್ರತಿ ಊರಿನಲ್ಲೂ ಇವೆ. ಅವರಲ್ಲಿ ಹೆಚ್ಚಿನವರನ್ನು ಶಾಲೆಯಿಂದ ಬಿಡಿಸಿದ್ದು ಬಡತನ. ಗಿರಾಕಿಯ ಮುಖ ನೋಡಿ ಅಳೆಯುವುದು, ಲೆಕ್ಕವನ್ನು ಬಾಯಲ್ಲೇ ಇಡುವುದು, ಹತ್ತು ಜನರಿಂದ ಕೆಲಸ ತೆಗೆಯುವುದು ಇವೆಲ್ಲ ಅವರು ಪುಸ್ತಕವಿಲ್ಲದೆ ಕಲಿತ ವಿದ್ಯೆ. ಆದರೆ ಈ ಕಥೆಯ ಇನ್ನೊಂದು ಭಾಗವನ್ನು ನಾವು ಮರೆಯುತ್ತೇವೆ. 1902ರಲ್ಲಿ ಮುಂಬೈಯಲ್ಲಿ ಆರಂಭವಾದ ಮೊಗವೀರ ವ್ಯವಸ್ಥಾಪಕ ಮಂಡಳಿಯೂ ಸೇರಿದಂತೆ ಕರಾವಳಿ ಕನ್ನಡಿಗರ ಸಂಸ್ಥೆಗಳು ಅಲ್ಲಿ ರಾತ್ರಿ ಶಾಲೆಗಳನ್ನು ನಡೆಸಿದವು. ಹಗಲಿಡೀ ದುಡಿದ ಹುಡುಗರು ರಾತ್ರಿ ಸ್ಲೇಟು ಪುಸ್ತಕ ಹಿಡಿದು ಕುಳಿತರು. ಕೆಲಸದಲ್ಲಿ ಹುಷಾರಾಗಿದ್ದವರಿಗೂ ಅಕ್ಷರ ಬೇಕಿತ್ತು. ಇಂದು ಆ ಅಗತ್ಯ ಇನ್ನೂ ಹೆಚ್ಚು. ಸಣ್ಣ ಹೋಟೆಲಿಗೂ ಆಹಾರ ಪರವಾನಗಿ, ಜಿಎಸ್‌ಟಿ, ಬ್ಯಾಂಕಿನ ಅರ್ಜಿ ಇವೆ. ಬೋಟು ನಡೆಸುವವನ ಮುಂದೆ ಜಿಪಿಎಸ್ ಪರದೆ ಇದೆ.

ಉದ್ಯಮದಲ್ಲಿ ಬಲ ಎಂಬ ಮಾತಿಗೆ ಹೆಚ್ಚಾಗಿ ಆಧಾರ ಕೊಡುವುದು ಲಂಡನ್ನಿನ ಅಂದಿನ ಕಾಸ್ ಬಿಸಿನೆಸ್ ಸ್ಕೂಲಿನ ಜೂಲಿ ಲೋಗನ್ ಅವರ ಅಧ್ಯಯನ. 2007ರಲ್ಲಿ ಪ್ರಕಟವಾದ ಅವರ ಸಮೀಕ್ಷೆಯಲ್ಲಿ ಅಮೆರಿಕದ ಉದ್ಯಮಿಗಳ ಪೈಕಿ ಶೇ. 35ರಷ್ಟು ಮಂದಿಯಲ್ಲಿ ಡಿಸ್ಲೆಕ್ಸಿಯಾ ಲಕ್ಷಣ ಕಂಡುಬಂತು. ಮಾತಿನಲ್ಲಿ ಮನವೊಲಿಸುವುದು, ತಮ್ಮಿಂದಾಗದ ಕೆಲಸವನ್ನು ನಂಬಿಕಸ್ಥರಿಗೆ ವಹಿಸುವುದು ಇಂಥವರ ಗುಣ ಎಂದು ಅವರು ಗುರುತಿಸಿದರು. ಆದರೆ ಆ ಸಮೀಕ್ಷೆ ಮಾತಾಡಿಸಿದ್ದು ಉದ್ಯಮಿಗಳಾದವರನ್ನು. ಅದೇ ತೊಡಕಿನಿಂದ ಶಾಲೆ ಬಿಟ್ಟು ಏನೂ ಆಗದೆ ಉಳಿದವರು ಅದರ ಪಟ್ಟಿಗೆ ಬರುವುದೇ ಇಲ್ಲ. ದಡ ಸೇರಿದವರನ್ನು ಮಾತ್ರ ಎಣಿಸಿ ‘ಸಮುದ್ರ ಅಪಾಯವಲ್ಲ’ ಎಂದು ಕಡಲ ಮಕ್ಕಳು ಹೇಳುವುದಿಲ್ಲ. ಬ್ರಾನ್ಸನ್ ಹದಿನಾರರ ಸುಮಾರಿಗೆ ಶಾಲೆ ಬಿಟ್ಟರು ಎಂದು ಹೇಳುವವರು ಅವರ ತಂದೆ ಬ್ಯಾರಿಸ್ಟರ್ ಆಗಿದ್ದರು ಎಂಬುದನ್ನೂ ಜೊತೆಗೆ ಹೇಳಬೇಕು.

ಹಾಗಾದರೆ ಬಲ ಎಂಬುದು ಸುಳ್ಳೇ? ಸುಳ್ಳಲ್ಲ. ಅದು ಹೊರಬರಲು ಎಲ್ಲೋ ಒಂದು ಕಡೆ ಅಕ್ಷರದ ಹೊರತಾದ ದಾರಿಯೊಂದು ತೆರೆದಿರಬೇಕು. ಕ್ಯಾರಲ್ ಗ್ರೈಡರ್ ಚಿಕ್ಕವರಿದ್ದಾಗ ಕಾಗುಣಿತ ಬಾರದೆ ತನ್ನನ್ನು ದಡ್ಡಿ ಎಂದುಕೊಂಡಿದ್ದವರು. ಮುಂದೆ ಪ್ರವೇಶ ಪರೀಕ್ಷೆಯ ಅಂಕ ಕಡಿಮೆಯಾಯಿತೆಂದು ಹಲವು ವಿಶ್ವವಿದ್ಯಾಲಯಗಳು ಅವರನ್ನು ಸಂಶೋಧನೆಗೆ ಸೇರಿಸಿಕೊಳ್ಳಲಿಲ್ಲ. ಬರ್ಕ್ಲಿಯವರು ಸಂದರ್ಶನಕ್ಕೆ ಕರೆದರು. ಅಲ್ಲಿ ಎಲಿಜಬೆತ್ ಬ್ಲ್ಯಾಕ್‌ಬರ್ನ್ ಜೊತೆ 1984ರಲ್ಲಿ ಟೆಲೊಮರೇಸ್ ಕಿಣ್ವವನ್ನು ಪತ್ತೆ ಮಾಡಿದರು. 2009ರಲ್ಲಿ ನೊಬೆಲ್ ಬಂತು. 2017ರಲ್ಲಿ ರಸಾಯನವಿಜ್ಞಾನದ ನೊಬೆಲ್ ಹಂಚಿಕೊಂಡ ಸ್ವಿಟ್ಜರ್ಲೆಂಡಿನ ಜಾಕ್ ಡುಬೊಶೆ, ತಮ್ಮ ಪ್ರಾಂತದಲ್ಲಿ ಡಿಸ್ಲೆಕ್ಸಿಯಾ ಇದೆಯೆಂದು ಅಧಿಕೃತವಾಗಿ ಗುರುತಿಸಲ್ಪಟ್ಟ ಮೊದಲಿಗ ತಾನೇ ಎಂದು ಸ್ವಪರಿಚಯದಲ್ಲಿ ತಮಾಷೆಯಾಗಿ ಬರೆದುಕೊಂಡಿದ್ದಾರೆ. ಅದರಿಂದ ಕಷ್ಟದಲ್ಲಿರುವವರನ್ನು ಅರ್ಥಮಾಡಿಕೊಳ್ಳಲು ಸಾಧ್ಯವಾಯಿತು ಎಂಬುದು ಅವರ ಮಾತಿನ ಸಾರ. ಕಂಪ್ರಾಡ್ ಅವರಿಗೆ ಸಂಖ್ಯೆಗಳ ಸಂಕೇತ ನೆನಪಿಡುವುದು ಕಷ್ಟವಾಗಿ, ಸರಕುಗಳಿಗೆ ಊರು, ಮನುಷ್ಯರ ಹೆಸರುಗಳನ್ನು ಇಟ್ಟರು. ಇಂದಿಗೂ ಆ ಕಂಪನಿಯಲ್ಲಿ ಅದೇ ರೂಢಿ. ಈ ಮೂವರಲ್ಲೂ ತೊಡಕು ಮಾಯವಾಗಲಿಲ್ಲ. ಒಬ್ಬರಿಗೆ ಸಂದರ್ಶನದ ಬಾಗಿಲು ತೆರೆಯಿತು, ಇನ್ನೊಬ್ಬರ ತೊಡಕಿಗೆ ಸಕಾಲದಲ್ಲಿ ಹೆಸರು ಸಿಕ್ಕಿತು, ಮತ್ತೊಬ್ಬರು ವ್ಯವಸ್ಥೆಯನ್ನೇ ತಮಗೆ ತಕ್ಕಂತೆ ಬದಲಿಸಿಕೊಂಡರು.

ನಮ್ಮಲ್ಲೂ ಅಂಥದೊಂದು ದಾರಿ ಇತ್ತು, ಈಗಲೂ ಇದೆ. ಬಡಗುತಿಟ್ಟಿನ ಯಕ್ಷಗಾನದಲ್ಲಿ ಭಾಗವತರು ಪದ್ಯ ಹೇಳಿ ಮುಗಿಸಿದ ಕೂಡಲೇ ವೇಷಧಾರಿ ಅದರ ಅರ್ಥವನ್ನು ಆಶುವಾಗಿ ಬೆಳೆಸಬೇಕು. ಎದುರಿನವನ ವಾದ ಕೇಳಿಸಿಕೊಂಡು ಅಲ್ಲೇ ಉತ್ತರ ಕಟ್ಟಬೇಕು. ಹಿಂದಿನ ತಲೆಮಾರಿನ ಎಷ್ಟೋ ಕಲಾವಿದರು ಶಾಲೆಯ ಮೆಟ್ಟಿಲನ್ನು ಹೆಚ್ಚು ಹತ್ತದೆಯೇ ಕೇಳಿ, ನೋಡಿ ಇದನ್ನು ಕಲಿತರು. ಅವರಿಗೆಲ್ಲ ಡಿಸ್ಲೆಕ್ಸಿಯಾ ಇತ್ತೆಂದು ನಾನು ಹೇಳುತ್ತಿಲ್ಲ. ಓದುವುದಕ್ಕೆ ಹೊರತಾಗಿಯೂ ಭಾಷೆಯನ್ನು ಎತ್ತರಕ್ಕೆ ಒಯ್ಯಬಹುದು ಎಂಬುದಕ್ಕೆ ನಮ್ಮ ಮಣ್ಣಿನಲ್ಲೇ ಸಾಕ್ಷಿ ಇದೆ ಎಂದಷ್ಟೇ ನನ್ನ ಮಾತು. ಆದರೆ ರಾತ್ರಿ ಆಟದಲ್ಲಿ ನಾವು ಮೆಚ್ಚುವ ಸಾಮರ್ಥ್ಯಕ್ಕೆ ಬೆಳಿಗ್ಗೆ ಶಾಲೆಯಲ್ಲಿ ಅಂಕವಿಲ್ಲ.

ಇನ್ನು ಅಕ್ಷರ ಕಲಿಸುವ ವಿಚಾರ. ಕನ್ನಡವನ್ನು ಹೇಳಿದಂತೆ ಬರೆಯುತ್ತೇವೆ, ಆದ್ದರಿಂದ ಕನ್ನಡ ಮಕ್ಕಳಿಗೆ ಈ ಸಮಸ್ಯೆ ಬಾರದು ಎಂಬ ನಂಬಿಕೆ ಶಿಕ್ಷಕರಲ್ಲೂ ಇದೆ. ವರ್ಣಮಾಲೆಯಲ್ಲಿ ಇರುವುದು 49 ಅಕ್ಷರ. ಗುಣಿತಾಕ್ಷರ, ಒತ್ತಕ್ಷರ ಸೇರಿದರೆ ಮಗು ಗುರುತಿಸಬೇಕಾದ ರೂಪಗಳು ನೂರಾರು. ಬೆಂಗಳೂರಿನ ಪ್ರಾಮಿಸ್ ಫೌಂಡೇಶನ್‌ನ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕನ್ನಡದ ಅಕ್ಷರಜ್ಞಾನ ಒಂದೆರಡು ವರ್ಷದಲ್ಲಿ ಮುಗಿಯದೆ ನಾಲ್ಕನೇ ತರಗತಿಯವರೆಗೂ ಮುಂದುವರಿಯುವುದನ್ನು ತೋರಿಸಿದರು. ‘ಸೂರ್ಯ’ ಎಂಬ ಪದವನ್ನೇ ನೋಡಿ. ನಾಲಿಗೆ ‘ರ್’ ಅನ್ನು ಮೊದಲು ಹೇಳುತ್ತದೆ, ಅರ್ಕಾವತ್ತಿನಲ್ಲಿ ಬರೆದರೆ ಕೈ ಅದನ್ನು ‘ಯ’ ಆದ ಮೇಲೆ ಬರೆಯುತ್ತದೆ. ನಮ್ಮ ವಿಜ್ಞಾನದ ಪದಗಳಾದರೋ ‘ಗುರುತ್ವಾಕರ್ಷಣೆ’, ‘ದ್ಯುತಿಸಂಶ್ಲೇಷಣೆ’! ಪರಿಕಲ್ಪನೆ ತಲುಪುವ ಮೊದಲೇ ಮಗು ಪದದಲ್ಲಿ ಎಡವುತ್ತದೆ.

ದಾರಿಗಳು ಇಲ್ಲವೆಂದಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು 21 ವಿಧಗಳಲ್ಲಿ ಒಂದಾಗಿ ಸೇರಿಸಿದೆ. ಅದನ್ನು ಆದಷ್ಟು ಬೇಗ ಪತ್ತೆಹಚ್ಚಿ ತಕ್ಕ ಬೋಧನಾ ಕ್ರಮ ಕೈಗೊಳ್ಳಬೇಕು ಎಂದು 16ನೇ ಕಲಂ ಹೇಳುತ್ತದೆ. ಪ್ರಮಾಣಪತ್ರಕ್ಕಾಗಿ ಕೇಂದ್ರ ಸರ್ಕಾರ 2018ರಲ್ಲಿ ಸೂಚಿಸಿದ್ದು ಬೆಂಗಳೂರಿನ ನಿಮ್ಹಾನ್ಸ್ ರೂಪಿಸಿದ ಪರೀಕ್ಷಾ ಸರಣಿಯನ್ನೇ. 2015ರಲ್ಲಿ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ ಹೊರತಂದ ‘ಡಾಲಿ’ ಪರೀಕ್ಷೆ ಕನ್ನಡದಲ್ಲೂ ಇದೆ. ಪ್ರಮಾಣಪತ್ರವಿದ್ದರೆ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವವರ ಸಹಾಯದಂಥ ಸೌಲಭ್ಯ ಸಿಗುತ್ತದೆ. ಬಿ.ಆರ್.ಸಿ.ಗಳಲ್ಲಿ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರಿದ್ದಾರೆ. ಆದರೆ ಇವೆಲ್ಲ ಕೆಲಸಕ್ಕೆ ಬರುವುದು ತರಗತಿಯ ಶಿಕ್ಷಕರು ಮೊದಲು ಗಮನಿಸಿ ಒಂದು ಮಾತು ಹೇಳಿದಾಗ.

ಆದ್ದರಿಂದ ಸಹಪಾಠಿಗಳ ಮತ್ತು ಮಾರ್ಗದರ್ಶಕ ಉಪನ್ಯಾಸಕರ ಮುಂದೆ ಕೆಲವು ಸಲಹೆಗಳನ್ನು ಇಡುತ್ತೇನೆ. ನಮ್ಮ ಪಾಠ ಯೋಜನೆಯ ನಮೂನೆಯಲ್ಲಿ ‘ಬರೆಯದೆ ತೋರಿಸಬಹುದಾದ ಕಲಿಕೆ’ ಎಂಬ ಒಂದು ಅಂಕಣ ಇರಲಿ. ಮೌಖಿಕ ಉತ್ತರ, ಚಿತ್ರ, ಮಾದರಿ, ಪ್ರಯೋಗ ಯಾವುದಾದರೂ ಸರಿ, ಅದಕ್ಕೆ ರೂಪಣಾತ್ಮಕ ಮೌಲ್ಯಮಾಪನದಲ್ಲಿ ನಿಜವಾದ ಅಂಕವಿರಲಿ. ಪ್ರತಿ ಪಾಠದ ಐದು ಕಠಿಣ ಪದಗಳನ್ನು ಪಾಠಕ್ಕೆ ಮೊದಲೇ ಕಪ್ಪುಹಲಗೆಯಲ್ಲಿ ಬಿಡಿಸಿ ಬರೆದು, ಇಡೀ ತರಗತಿಯಿಂದ ಚಪ್ಪಾಳೆಯ ಲೆಕ್ಕದಲ್ಲಿ ಹೇಳಿಸೋಣ. ತಡವರಿಸುವ ಮಗುವನ್ನು ಎಬ್ಬಿಸಿ ಗಟ್ಟಿಯಾಗಿ ಓದಿಸುವುದನ್ನು ಬಿಡೋಣ. ಓದಿಸುವುದಿದ್ದರೆ ಪಕ್ಕದಲ್ಲಿ ಕುಳಿತು, ಚಿಕ್ಕ ಚಿಕ್ಕ ಭಾಗವಾಗಿ, ದಿನಕ್ಕೆ ಹತ್ತು ನಿಮಿಷ ಓದಿಸೋಣ. ಅಭ್ಯಾಸ ಬೋಧನೆ ಮುಗಿಸಿ ಬರುವಾಗ, ಬಾಯಿಯ ಉತ್ತರಕ್ಕೂ ಕಾಗದದ ಉತ್ತರಕ್ಕೂ ದೊಡ್ಡ ಅಂತರವಿರುವ ಮಕ್ಕಳ ಬಗ್ಗೆ ಒಂದು ಪುಟದ ಟಿಪ್ಪಣಿಯನ್ನು ಮುಖ್ಯೋಪಾಧ್ಯಾಯರಿಗೆ ಕೊಟ್ಟು ಬರೋಣ. ರೋಗದ ಹೆಸರು ಬರೆಯುವುದು ಬೇಡ, ಕಂಡದ್ದನ್ನು ಬರೆದರೆ ಸಾಕು.

ನಲವತ್ತು ಮಕ್ಕಳ ತರಗತಿಯಲ್ಲಿ, ನಲವತ್ತೈದು ನಿಮಿಷದ ಅವಧಿಯಲ್ಲಿ ಇದೆಲ್ಲ ಆಗುವ ಮಾತೇ ಎಂಬ ಪ್ರಶ್ನೆ ನ್ಯಾಯವಾದದ್ದು. ಎಲ್ಲವೂ ಆಗಲಿಕ್ಕಿಲ್ಲ. ಆದರೆ ಐದು ಪದ ಬಿಡಿಸಿ ಬರೆಯಲು ಐದು ನಿಮಿಷ ಸಾಕು, ಅದರಿಂದ ನಲವತ್ತು ಮಕ್ಕಳಿಗೂ ಪ್ರಯೋಜನ. ಒಬ್ಬ ಹುಡುಗ ಮುಂದೆ ಹೋಟೆಲು ಇಡಲಿ, ಬೋಟು ಕೊಳ್ಳಲಿ, ವೇಷ ಕಟ್ಟಲಿ, ಪ್ರಯೋಗಾಲಯ ಸೇರಲಿ, ಅದು ಅವನ ಆಯ್ಕೆ ಆಗಬೇಕು. ಓದಲು ಬಾರದ್ದರಿಂದ ಬೇರೆ ದಾರಿಯಿಲ್ಲದೆ ಅಲ್ಲಿಗೆ ಹೋಗುವಂತೆ ಆಗಬಾರದು. ಮುಂದಿನ ತಂಡದ ಅಭ್ಯಾಸ ಬೋಧನೆ ಶುರುವಾಗುವ ಮೊದಲು ಪಾಠ ಯೋಜನೆಯ ನಮೂನೆಗೆ ಆ ಒಂದು ಅಂಕಣ ಸೇರಿಸುವ ಬಗ್ಗೆ ನಮ್ಮ ವಿಜ್ಞಾನ ಬೋಧನಾ ವಿಭಾಗದಲ್ಲಿ ಚರ್ಚೆಯಾಗಲಿ ಎಂದು ಕೇಳಿಕೊಳ್ಳುತ್ತೇನೆ.