ಸಿಸ್ಟರನ್ನು ಕೇಳದೆ ಯಂತ್ರ ತರಬ್ಯಾಡ್ರಿ!

ಒಂದೇ ವಾರ್ಡಿನಲ್ಲಿ ಇಬ್ಬರು ಬಸವ್ವ. ಒಬ್ಬಾಕಿಗೆ ಬಿ.ಪಿ., ಇನ್ನೊಬ್ಬಾಕಿಗೆ ಸಕ್ಕರೆ ಕಾಯಿಲೆ. ರಾತ್ರಿ ಪಾಳಿಗೆ ಸಿಸ್ಟರ್ ಒಬ್ಬರೇ. ಸಕ್ಕರೆ ಗುಳಿಗೆಯನ್ನು ಬಿ.ಪಿ.ಯಾಕಿ ನುಂಗಿದರೆ ಬೆಳಗಾಗುವುದರೊಳಗೆ ಎಚ್ಚರ ತಪ್ಪಬಹುದು. ಹಿರೇವಡ್ಡಟ್ಟಿಯಿಂದ ಬಸ್ಸು ಹತ್ತಿ ಮುಂಡರಗಿಗೋ ಗದಗಿಗೋ ದವಾಖಾನೆಗೆ ಓಡುವ ನಮ್ಮಂಥವರ ಜೀವದ ಪ್ರಶ್ನೆ ಇದು.

ಉಪಾಯ ಇಲ್ಲದಿಲ್ಲ. ರೋಗಿಯ ಮುಂಗೈಗೆ ಬಾರ್‌ಕೋಡ್ ಪಟ್ಟಿ, ಔಷಧಿಗೂ ಬಾರ್‌ಕೋಡ್. ಕೈಯಂತ್ರ ಎರಡನ್ನೂ ಓದಿ ಡಾಕ್ಟರು ಬರೆದದ್ದರ ಜೊತೆ ತಾಳೆ ನೋಡುತ್ತದೆ. ಇದನ್ನು ಹೊಳೆಸಿಕೊಂಡವರು ಇಂಜಿನಿಯರ್ ಅಲ್ಲ, ನರ್ಸ್! ಅಮೆರಿಕದ ಟೊಪೀಕಾದ ಮಾಜಿ ಸೈನಿಕರ ಆಸ್ಪತ್ರೆಯ ಸ್ಯೂ ಕಿನ್ನಿಕ್. 1990ರ ದಶಕದ ಮೊದಲಲ್ಲಿ ಬಾಡಿಗೆ ಕಾರು ವಾಪಸು ಕೊಡುವಾಗ ಇಂಥ ಯಂತ್ರ ಕಂಡರು. ಕಾರಿಗೆ ಆಗುವುದು ರೋಗಿಗೆ ಯಾಕಾಗಬಾರದು? ಮುಂದೆ ಆ ಇಲಾಖೆಯ ಆಸ್ಪತ್ರೆಗಳಿಗೆಲ್ಲ ಅದೇ ಪದ್ಧತಿ ಹೋಯಿತು.

ನಮ್ಮಲ್ಲಿ ಕಂಪ್ಯೂಟರ್ ಅಂದಕೂಡಲೇ ಟೆಂಡರು, ಗುತ್ತಿಗೆದಾರ, ಸಾಹೇಬರ ಕೈಯಿಂದ ರಿಬ್ಬನ್ನು. ಆದರೆ ಸ್ಟ್ರಿಪ್ ಕತ್ತರಿಸಿ ಎರಡೇ ಗುಳಿಗೆ ಕೊಟ್ಟರೆ ಬಾರ್‌ಕೋಡ್ ಇನ್ನೊಂದು ತುಂಡಿನಲ್ಲಿ ಉಳಿಯುತ್ತದೆ. ಔಷಧಿ ಅಂಗಡಿಯವರನ್ನು ಕೇಳ್ರಿ. ಕರೆಂಟು ಹೋದರೆ ಬರೆದಿಡುವುದು ಎಲ್ಲಿ? ನೆಲದ ಮೇಲೆ ಮಲಗಿದವರ ಹತ್ತಿರ ಯಂತ್ರದ ಗಾಡಿ ಹೋಗತದೇನು? ಇದೆಲ್ಲ ಗೊತ್ತಿರುವುದು ವಾರ್ಡಿನ ಸಿಸ್ಟರ್‌ಗೆ. ಹೊರದೇಶದಲ್ಲೇ, ಕೆಲಸಕ್ಕೆ ಒಗ್ಗದ ಕಡೆ, ರೋಗಿಯ ಪಟ್ಟಿಯ ನಕಲನ್ನು ಬೇರೆಲ್ಲೋ ಅಂಟಿಸಿ ಅಲ್ಲೇ ಯಂತ್ರ ಒತ್ತಿದ್ದಾರೆ. ಬಸವ್ವನ ಕೈ ನೋಡಿದವರೇ ಇಲ್ಲ!

ನಮ್ಮ ಜಿಲ್ಲೆಗೆ ಈ ಯಂತ್ರ ತರುವ ಸಭೆಯಲ್ಲಿ ಮೊದಲ ಕುರ್ಚಿ ನರ್ಸಿಂಗ್ ಸೂಪರಿಂಟೆಂಡೆಂಟರಿಗೆ ಹಾಕ್ರಿ. ಒಂದು ವಾರ್ಡಿನಲ್ಲಿ ಮೂರು ತಿಂಗಳು ಅವರೇ ನಡೆಸಿ ನೋಡಲಿ. ಆಗಲ್ಲ ಅಂದರೆ ಗುತ್ತಿಗೆದಾರನ ಬಿಲ್ಲು ನಿಲ್ಲಲಿ.