ಸೀತಾಳೆ ದಂಡೆಗೆ ಮಣ್ಣು ಬೇಡ

ಮುಂಗಾರು ಕಾಲಿಡುವ ಹೊತ್ತಿಗೆ ದೋಣಿಗಲ್ಲಿನ ಕಾಫಿ ತೋಟಗಳ ನೆರಳುಮರಗಳಿಂದ ಗೇಣುದ್ದದ ಹೂಗೊಂಚಲುಗಳು ಇಳಿಬಿದ್ದಿರುತ್ತವೆ. ಬಿಳಿಯ ಎಸಳಿನ ಮೇಲೆ ನಸುನೇರಿಳೆಯ ಚುಕ್ಕೆ. ಅದೇ ಸೀತಾಳೆ ದಂಡೆ. ವನವಾಸದಲ್ಲಿ ಸೀತೆ ಇದನ್ನು ಮುಡಿದಳೆಂದು ಮಲೆನಾಡಿಗರ ನಂಬಿಕೆ. ದೂರದ ಅಸ್ಸಾಮಿನ ಹೆಂಗಳೆಯರೂ ಬಿಹು ಹಬ್ಬಕ್ಕೆ ಇದನ್ನೇ ಮುಡಿಯುತ್ತಾರೆ.

ಇದು ಬಂದಳಿಕೆಯಲ್ಲ. ಬಂದಳಿಕೆ ಮರದ ರಸವನ್ನು ಹೀರುತ್ತದೆ. ಸೀತಾಳೆಗೆ ಮರ ಬರಿಯ ಆಸರೆ. ಮಳೆನೀರು, ಗಾಳಿಯ ತೇವ, ತೊಗಟೆಯ ಸಂದಿನಲ್ಲಿ ಕೊಳೆತ ಕಸ, ಇಷ್ಟರಲ್ಲೇ ಅದರ ಬಾಳು. ಇದನ್ನರಿಯದ ಪ್ರವಾಸಿಗರು ಗಿಡವನ್ನು ಕಿತ್ತೊಯ್ದು ಕುಂಡದ ಮಣ್ಣಿನಲ್ಲಿ ಹೂಳುತ್ತಾರೆ. ಬೇರು ಕೊಳೆಯುತ್ತದೆ. ಇತ್ತ ಮರದ ಮೇಲೂ ಆ ಜಾಗ ಬೇಗನೆ ತುಂಬದು: ಧೂಳಿನಂಥ ಬೀಜ ಶಿಲೀಂಧ್ರದ ನೆರವಿಲ್ಲದೆ ಕಾಡಿನಲ್ಲಿ ಮೊಳೆಯದು, ಮೊಳೆತದ್ದು ಹೂಬಿಡಲು ವರ್ಷಗಳೇ ಬೇಕು.

ಬೇಕೆಂಬವರು ಕೀಳಬೇಕಾಗಿಲ್ಲ. ತೋಟದಲ್ಲಿ ಮರಗಸಿ ಮಾಡುವಾಗ ಕಡಿದ ಕೊಂಬೆಯೊಡನೆ ಗಿಡವೂ ನೆಲಕ್ಕೆ ಬೀಳುತ್ತದೆ. ತೋಟದವರನ್ನು ಕೇಳಿ ಅದನ್ನು ತರಬಹುದು. ಹಿತ್ತಲ ಮಾವಿನ ಒರಟು ಕಾಂಡಕ್ಕೆ, ತುಸು ನೆರಳಿರುವೆಡೆ, ತೆಂಗಿನ ನಾರಿನಿಂದ ಕಟ್ಟಬೇಕು; ಬೇರು ಹೊರಗೇ ಇರಲಿ. ಒಣಗಿದ ಬೇರು ಬೆಳ್ಳಗೆ, ನೀರು ಕುಡಿದದ್ದು ಹಸುರು. ಬೆಳ್ಳಗಾದಾಗ ನೀರು ಚಿಮುಕಿಸಿದರೆ ಸಾಕು. ಹೊಸ ಬೇರು ತೊಗಟೆಯನ್ನು ಅಪ್ಪಿದ ಮೇಲೆ ನಾರನ್ನು ಬಿಚ್ಚಬಹುದು. ಮೊದಲ ವರ್ಷವೇ ಹೂವನ್ನು ನಿರೀಕ್ಷಿಸುವುದು ಮಾತ್ರ ಆತುರವಾದೀತು.